ಕೆಂಪು ಮುಚ್ಚಳದ ಇಪ್ಪತ್ತು ಕೋಳಿಗಳು

ಮೀನೆಣ್ಣೆಯ ವಾಸನೆ ಎಂದರೆ ಅವಳಿಗೆ ಈಗಲೂ ಬೆಳಗಿನ ಆರು ಗಂಟೆಯೇ. ಅಜ್ಜಿ ಕಪಾಟಿನ ಮೇಲಿನ ಹಲಗೆಯಿಂದ ಕಂದು ಬಾಟಲಿ ಇಳಿಸಿ ಮುಚ್ಚಳ ತಿರುಗಿಸುವಷ್ಟರಲ್ಲಿ ಆ ವಾಸನೆ ಹಾಸಿಗೆಯವರೆಗೆ ಬಂದು ಹೊದಿಕೆ ಎಳೆಯುತ್ತಿತ್ತು: ಒದ್ದೆ ಗೋಣಿಚೀಲ, ತುಕ್ಕು ಹಿಡಿದ ಮೊಳೆ, ಯಾರೋ ಮರೆತುಹೋದ ಬಲೆ, ಇಷ್ಟನ್ನೂ ಒಟ್ಟಿಗೆ ಕುದಿಸಿದ ಹಾಗೆ. ತಂಗಿಗೊಂದು ಚಮಚ, ಇವಳಿಗೊಂದು ಚಮಚ. ತಂಗಿ ಕಡ್ಡಿಯಂಥ ಹುಡುಗಿ. ಅಜ್ಜಿ ಬಾಟಲಿ ಇಡಲು ಆ ಕಡೆ ತಿರುಗಿದ ತಕ್ಷಣ, ಕಣ್ಣಲ್ಲಿ ನೀರು ತುಂಬಿಕೊಂಡು, ತನ್ನ ಚಮಚವನ್ನು ಇವಳ ಬಾಯಿಗೆ ಚಾಚುತ್ತಿದ್ದಳು. ಇವಳು ನುಂಗಿಬಿಡುತ್ತಿದ್ದಳು. ಪಾಪ ಅನ್ನಿಸಿ ನುಂಗಿದ್ದೋ, ಎರಡು ಚಮಚ ನುಂಗಬಲ್ಲೆ ಎಂಬ ಜಂಬಕ್ಕೆ ನುಂಗಿದ್ದೋ, ವಯಸ್ಸು ಐವತ್ತೆರಡಾದರೂ ತೀರ್ಮಾನವಾಗಿಲ್ಲ. ತಂಗಿ ಕಡ್ಡಿಯಾಗಿಯೇ ಬೆಳೆದಳು, ಇವಳು ದುಂಡಗೆ ಬೆಳೆದಳು. ಮನೆಗೆ ಬಂದವರು ಇವಳ ಕೆನ್ನೆ ಹಿಂಡಿ "ಎಣ್ಣೆಯೆಲ್ಲ ಇವಳಿಗೇ ಹತ್ತಿದೆ ನೋಡಿ" ಎಂದು ನಗುವಾಗ, ಅದು ನಿಜವೆಂದು ಗೊತ್ತಿದ್ದ ಇಬ್ಬರೇ ಇಬ್ಬರು ಒಬ್ಬರನ್ನೊಬ್ಬರು ನೋಡದೆ ಗೋಡೆ ನೋಡುತ್ತಿದ್ದರು. ಈಗ, ಕೋಳಿ ಸಂಶೋಧನಾ ಕೇಂದ್ರದ ಮೇವಿನ ಕೋಣೆಯಲ್ಲಿ, ಜೋಳದ ನುಚ್ಚಿನ ಚೀಲಗಳ ನಡುವೆ ನಿಂತು ಅವಳು ವಿಟಮಿನ್ ಡಬ್ಬದ ಮುಚ್ಚಳ ತೆಗೆದು ಸುಮ್ಮನೆ ಮೂಸುತ್ತಿದ್ದಳು. ಡಬ್ಬದಲ್ಲಿ ಮೀನೂ ಇಲ್ಲ, ಎಣ್ಣೆಯೂ ಇಲ್ಲ. ಕಾರ್ಖಾನೆಯಿಂದ ಬಂದ ಹಳದಿ ಪುಡಿ, ಔಷಧಿ ಅಂಗಡಿಯ ವಾಸನೆ. ಆದರೂ ಹೊಟ್ಟೆಯೊಳಗೆ ಆರು ಗಂಟೆ ಹೊಡೆದಂತಾಯಿತು.

"ಏನಕ್ಕ, ಉಪ್ಪು ಖಾರ ಸರಿಯಾಗಿದೆಯಾ?"

ಮೇವು ಬೆರೆಸುವವನು ಬಾಗಿಲಲ್ಲಿ ನಿಂತಿದ್ದ. ಮೇವಿನಣ್ಣ ಎಂದೇ ಅವನು ಎಲ್ಲರಿಗೂ ಗೊತ್ತು. ಹುಬ್ಬಿನ ಮೇಲೆ ಸದಾ ಹಿಟ್ಟು, ನಾಲಗೆಯ ಮೇಲೆ ಸದಾ ತಮಾಷೆ. ಅವಳು ಬೆಚ್ಚಿ ಮುಚ್ಚಳ ಹಾಕಿದಳು.

"ಹುಳ ಬಿದ್ದಿದೆಯೇನೋ ಅಂತ ನೋಡ್ತಿದ್ದೆ."

"ಹುಳಕ್ಕೂ ವಿಟಮಿನ್ ಬೇಡವಾ? ತಿನ್ನಲಿ ಬಿಡಿ. ಡಾಕ್ಟರಮ್ಮ ಹುಡುಕ್ತಿದ್ರು ನಿಮ್ಮನ್ನ. ಇವತ್ತು ಅವರ ಕಾಲು ನೆಲದ ಮೇಲಿಲ್ಲ, ನೋಡಿದ್ರಾ?"

ನೋಡಿದ್ದಳು. ಅದಕ್ಕೇ ಅಲ್ಲವೇ ಇಲ್ಲಿ ಬಂದು ಚೀಲಗಳ ಮಧ್ಯೆ ಅವಿತುಕೊಂಡಿದ್ದು. ಒಂಬತ್ತು ಗಂಟೆಗೆ ಅವಳು ಕೈಕಾಲು ತೊಳೆದು, ಔಷಧಿ ನೀರಿನ ತೊಟ್ಟಿಯಲ್ಲಿ ಬೂಟು ಅದ್ದಿ ಒಳಗೆ ಬಂದಾಗಲೇ ಡಾಕ್ಟರಮ್ಮ ಓಡಿಬಂದು ಕೈ ಹಿಡಿದು ತನ್ನ ಕೋಣೆಗೆ ಎಳೆದುಕೊಂಡು ಹೋಗಿದ್ದಳು. ಡಾಕ್ಟರಮ್ಮ ಎಂದರೆ ದೊಡ್ಡ ವಯಸ್ಸಿನವಳಲ್ಲ, ಮೂವತ್ತು ದಾಟಿ ಎರಡೋ ಮೂರೋ. ಮೇವಿನಲ್ಲಿರುವ ವಿಟಮಿನ್ನಿಗೂ ಮಾಂಸದ ಕೋಳಿಯ ಹೊಟ್ಟೆಯಲ್ಲಿ ಕಟ್ಟುವ ಕೊಬ್ಬಿಗೂ ಏನು ಸಂಬಂಧ ಎಂದು ಮೂರು ವರ್ಷದಿಂದ ತಲೆ ಕೆಡಿಸಿಕೊಂಡಿರುವವಳು. ಈ ಸಲದ ಪ್ರಯೋಗ ಸರಳವಾಗಿತ್ತು. ಒಂದೇ ದಿನ ಮೊಟ್ಟೆಯೊಡೆದ ಮರಿಗಳು, ಒಂದೇ ಶೆಡ್ಡು, ಒಂದೇ ಜೋಳ, ಒಂದೇ ಸೋಯಾ. ಹಸಿರು ಮುಚ್ಚಳದ ಪೀಪಾಯಿಯ ಮೇವಿನಲ್ಲಿ ಎಂದಿನಷ್ಟೇ ವಿಟಮಿನ್. ಕೆಂಪು ಮುಚ್ಚಳದ್ದರಲ್ಲಿ ನಯಾಸಿನ್ ಮತ್ತು ಇ ಎಂಬ ಎರಡು ವಿಟಮಿನ್ನುಗಳನ್ನು ಹೆಚ್ಚು ಹಾಕಲಾಗಿತ್ತು. ನಲವತ್ತೆರಡನೆಯ ದಿನ ಎರಡೂ ಕಡೆಯಿಂದ ಇಪ್ಪತ್ತಿಪ್ಪತ್ತು ಕೋಳಿ ಕೊಯ್ದು, ಹೊಟ್ಟೆಯೊಳಗಿನ ಕೊಬ್ಬನ್ನು ಬಿಡಿಸಿ ತೂಗಿದ್ದು ಇವಳು. ಹಸಿರಿನವಕ್ಕೆ ಸರಾಸರಿ ನಲವತ್ತಮೂರು ಗ್ರಾಂ. ಕೆಂಪಿನವಕ್ಕೆ ಮೂವತ್ತನಾಲ್ಕು. "ಐದರಲ್ಲಿ ಒಂದು ಪಾಲು ಕಡಿಮೆ ಅಕ್ಕ! ಐದರಲ್ಲಿ ಒಂದು!" ಎಂದು ಡಾಕ್ಟರಮ್ಮ ಐದು ಬೆರಳು ತೋರಿಸಿ ಹೆಬ್ಬೆರಳನ್ನು ಮಡಚಿದ್ದಳು. ಮೂರು ಗಂಟೆಗೆ ಸಮಿತಿಯವರು ಬರುತ್ತಾರೆ. ಅವರಿಗೆ ಒಪ್ಪಿಗೆಯಾದರೆ ಮುಂದಿನ ವರ್ಷ ಸಾವಿರ ಕೋಳಿಯ ಪ್ರಯೋಗ, ಸಾಕಣೆದಾರರಿಗೆ ಕರಪತ್ರ. ಒಪ್ಪಿಗೆಯಾಗದಿದ್ದರೆ ಡಾಕ್ಟರಮ್ಮ ಬೇರೆ ಕಡೆ ಕೆಲಸ ನೋಡಿಕೊಳ್ಳಬೇಕು. ಅದನ್ನವಳು ನಗುತ್ತಲೇ ಹೇಳಿದ್ದಳು. ಆಮೇಲೆ ಕಂಪ್ಯೂಟರಿನಲ್ಲಿ ಒಂದು ಚಿತ್ರ ತೆರೆದಳು. ಎರಡು ಸ್ಟೀಲು ತಟ್ಟೆ. ಎಡಗಡೆಯದರಲ್ಲಿ ಹಸಿರಿನ ಕೋಳಿಯೊಂದರ ಕೊಬ್ಬು, ಬಲಗಡೆಯದರಲ್ಲಿ ಕೆಂಪಿನದು. "ನಿಮ್ಮ ಕೈಕೆಲಸ ನೋಡಿ. ಕಣ್ಣಿಗೇ ಕಾಣುತ್ತೆ ವ್ಯತ್ಯಾಸ."

ಕಣ್ಣಿಗೆ ಕಂಡಿತು. ಎಡಗಡೆಯ ಕೊಬ್ಬಿನ ಮೇಲಂಚಿನಲ್ಲಿ ಬಟ್ಟಲಿನಂಥ ನುಣ್ಣನೆಯ ಹಳ್ಳವಿತ್ತು. ಕಾಳು ಅರೆಯುವ ಗಟ್ಟಿ ಹೊಟ್ಟೆ ಕೂತಿದ್ದ ಜಾಗ ಅದು. ಅದನ್ನು ಸುತ್ತಿಕೊಂಡ ಕೊಬ್ಬನ್ನೂ ಸುಲಿದು ಸೇರಿಸಿದರೆ ಮಾತ್ರ ಹಾಗೆ ಹಳ್ಳ ಉಳಿಯುತ್ತದೆ. ಬಲಗಡೆಯದರಲ್ಲಿ ಹಳ್ಳವಿಲ್ಲ. ಕತ್ತಿ ಗಟ್ಟಿ ಹೊಟ್ಟೆಯವರೆಗೆ ಹೋಗದೆ ನಡುವೆಯೇ ನಿಂತಿದೆ. ಅಂಚು ರೊಟ್ಟಿ ಕತ್ತರಿಸಿದ ಹಾಗೆ ನೇರವಾಗಿದೆ. ಅವಳು "ಹೌದಲ್ಲ" ಎಂದಳು. "ಹೌದಲ್ಲ, ಚೆನ್ನಾಗಿ ಬಂದಿದೆ" ಎಂದಳು. ಡಾಕ್ಟರಮ್ಮ ಕೊನೆಯ ಪುಟವನ್ನೂ ತೋರಿಸಿದಳು: ಕೃತಜ್ಞತೆ ಎಂಬ ತಲೆಬರಹದ ಕೆಳಗೆ ಇವಳ ಪೂರ್ತಿ ಹೆಸರು, ತಂದೆಯ ಹೆಸರು ಸಮೇತ. ಇಪ್ಪತ್ತಾರು ವರ್ಷದಲ್ಲಿ ಆ ಹೆಸರು ಹಾಜರಿ ಪುಸ್ತಕ ಬಿಟ್ಟು ಬೇರೆಲ್ಲೂ ಕಂಡಿರಲಿಲ್ಲ. ಕೇಂದ್ರದಲ್ಲಿ ಅವಳು ತೂಕದಕ್ಕ. ತಕ್ಕಡಿಯ ಮುಂದೆ ಕೂತವಳು ಎಂಬುದಕ್ಕೆ ಬಂದ ಹೆಸರು. ಹೊಸದಾಗಿ ಸೇರಿದವರು ಮಾತ್ರ ಹೆಸರು ಕೇಳಿ, ಅವಳ ಮೈ ನೋಡಿ, ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದರು. ಅವಳು ಅದನ್ನು ನೋಡದವಳಂತೆ ಇರುವುದನ್ನೂ ಕಲಿತಿದ್ದಳು. ತಕ್ಕಡಿಯ ಮುಂದೆ ಕೂತರೆ ಮುಗಿಯಿತು, ನಗುವವರೂ ಪೆನ್ನು ಹಿಡಿದು ಅವಳು ಹೇಳಿದ್ದನ್ನು ಬರೆದುಕೊಳ್ಳಬೇಕಿತ್ತು. ಅವಳ ಅಂಕಿಯನ್ನು ಯಾರೂ ಎರಡನೆಯ ಸಲ ತೂಗಿ ನೋಡಿದ್ದಿಲ್ಲ.

"ಬರ್ತೀನಂತ ಹೇಳಿ ಡಾಕ್ಟರಮ್ಮನಿಗೆ" ಎಂದು ಮೇವಿನಣ್ಣನಿಗೆ ಹೇಳಿ ಅವಳು ಹಿಂಬಾಗಿಲಿಂದ ಶೆಡ್ಡಿನ ಕಡೆ ನಡೆದಳು. ಹೊಸ ತಂಡದ ಮರಿಗಳು ಬಂದಿದ್ದವು. ಬಲ್ಬಿನ ಬಿಸಿಯ ಕೆಳಗೆ ಹಳದಿ ಚುಕ್ಕೆಗಳು ಒಂದರ ಮೇಲೊಂದು ಹತ್ತಿ ಇಳಿಯುತ್ತಿದ್ದವು. ತಿಂಗಳ ಹಿಂದೆ, ಕೋಳಿ ಕೊಯ್ದ ದಿನ, ಡಾಕ್ಟರಮ್ಮನಿಗೆ ಜ್ವರ. ಫೋನಿನಲ್ಲಿ ಮೂಗು ಕಟ್ಟಿದ ದನಿಯಲ್ಲಿ "ನೀವಿದ್ದೀರಲ್ಲ ಅಕ್ಕ, ಸಾಕು" ಎಂದಿದ್ದಳು. ನಿಯಮದ ಪ್ರಕಾರ ಒಂದು ಹಸಿರು, ಒಂದು ಕೆಂಪು, ಮತ್ತೊಂದು ಹಸಿರು ಎಂದು ಸರತಿಯಲ್ಲಿ ತರಬೇಕು. ಆವತ್ತು ಕೆಂಪಿನ ಕಡೆಯ ಗೇಟಿನ ಅಗುಳಿ ಸಿಕ್ಕಿಹಾಕಿಕೊಂಡಿತ್ತು. ಹಿಡಿಯುವವರು ಹಸಿರಿನ ಇಪ್ಪತ್ತನ್ನೂ ಮೊದಲೇ ತಂದುಬಿಟ್ಟರು. ಪರವಾಗಿಲ್ಲ ಬಿಡಿ ಎಂದವಳು ಇವಳೇ. ಹನ್ನೊಂದು ಗಂಟೆಯ ಹೊತ್ತಿಗೆ ಇಪ್ಪತ್ತೂ ಮುಗಿದಿದ್ದವು, ಪ್ರತಿಯೊಂದರ ಕೊಬ್ಬೂ ಗಟ್ಟಿ ಹೊಟ್ಟೆಯಿಂದ ಹಿಡಿದು ಬಾಲದವರೆಗೆ ಒಂದೇ ತುಂಡಾಗಿ, ಶಾಲು ತೆಗೆದ ಹಾಗೆ ಬಂದಿತ್ತು. ಚಹಾ ಬಂತು. ಆರೇಳು ಜನ ಮೇಜಿನ ಸುತ್ತ ನಿಂತು ಕುಡಿಯುತ್ತಿದ್ದರು. ಮೇವಿನಣ್ಣ ತಟ್ಟೆಯಲ್ಲಿದ್ದ ಕೊಬ್ಬಿನ ರಾಶಿ ನೋಡಿ, "ಈ ಹಸಿರಿನವೆಲ್ಲ ಅಕ್ಕನ ತೌರಿನ ಕಡೆಯವು ಕಣ್ರೋ. ಹೊಟ್ಟೆ ನೋಡಿ, ಸಂಬಂಧ ಗೊತ್ತಾಗುತ್ತೆ" ಎಂದ. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ಇವಳು. ಚಹಾ ಮೂಗಿಗೆ ಹೋಗುವಷ್ಟು ನಕ್ಕಳು. ಮೇವಿನಣ್ಣನೇ ಬೆನ್ನು ತಟ್ಟಿದ. ಅವನಲ್ಲಿ ಒಂದು ಚೂರೂ ಕೆಡುಕಿರಲಿಲ್ಲ, ಅದೇ ಕಷ್ಟ. ಕೆಡುಕಿದ್ದರೆ ಸಿಟ್ಟು ಮಾಡಿಕೊಂಡು ಮರೆಯಬಹುದಿತ್ತು.

ಚಹಾ ಆದ ಮೇಲೆ ಕೆಂಪಿನ ಮೊದಲ ಕೋಳಿ ಮೇಜಿಗೆ ಬಂತು. ಅವಳು ಹೊಟ್ಟೆ ತೆರೆದಳು. ಹಳದಿ ಕೊಬ್ಬು ಮೆತ್ತಗೆ, ಬೆಚ್ಚಗೆ, ಏನೂ ತಿಳಿಯದ ಹಾಗೆ ಕೂತಿತ್ತು. ಎಲ್ಲರೂ ನೋಡುತ್ತಿದ್ದಾರೆ ಎನ್ನಿಸಿತು. ಯಾರೂ ನೋಡುತ್ತಿರಲಿಲ್ಲ, ಒಬ್ಬ ಪುಸ್ತಕದಲ್ಲಿ ಗೆರೆ ಹಾಕುತ್ತಿದ್ದ, ಇನ್ನೊಬ್ಬ ಕತ್ತಿ ಮಸೆಯುತ್ತಿದ್ದ. ಆದರೂ ಅದು ಕೋಳಿಯದಲ್ಲ, ತನ್ನದು, ಬಿಳಿ ಕೋಟಿನ ಗುಂಡಿಗಳ ಹಿಂದೆ ತಾನು ಬಚ್ಚಿಟ್ಟುಕೊಂಡದ್ದನ್ನು ಯಾರೋ ತಟ್ಟೆಗೆ ಹಾಕಿ ಎಲ್ಲರೆದುರು ತೂಗಲು ಹೊರಟಿದ್ದಾರೆ ಎನ್ನಿಸಿತು. ಕೈ ಬೇಗ ಮುಗಿಸಿತು. ಎಷ್ಟು ಬೇಗ ಎಂದರೆ ಗಟ್ಟಿ ಹೊಟ್ಟೆಯ ಸುತ್ತಿನ ಕೊಬ್ಬು ಅಲ್ಲೇ ಉಳಿಯಿತು. ಎರಡನೆಯದಕ್ಕೂ ಹಾಗೆಯೇ. ಇಪ್ಪತ್ತಕ್ಕೂ ಹಾಗೆಯೇ. ಆಗ ಗೊತ್ತಿತ್ತೇ? ಗೊತ್ತಿರಲಿಲ್ಲ ಎಂದು ಪ್ರಮಾಣ ಮಾಡಿ ಹೇಳಬಲ್ಲಳು. ಆದರೆ ಇವತ್ತು ಚಿತ್ರ ನೋಡಿದಾಗ ಆಶ್ಚರ್ಯವೇ ಆಗಲಿಲ್ಲವಲ್ಲ, ಪರಿಚಯದವರನ್ನು ಕಂಡ ಹಾಗಾಯಿತಲ್ಲ, ಅದಕ್ಕೇನು ಹೇಳುವುದು? ಮರಿಯೊಂದು ಬಂದು ಅವಳ ಬೂಟಿನ ದಾರವನ್ನು ಹುಳವೆಂದು ಎಳೆಯತೊಡಗಿತು. ಅವಳು ಕಾಲು ಅಲ್ಲಾಡಿಸದೆ ನಿಂತು ಫೋನು ತೆಗೆದು ಗಂಡನಿಗೆ ಹಚ್ಚಿದಳು.

ಗಂಡ ದರ್ಜಿ. ಫೋನು ಎತ್ತಿದರೂ ಹೊಲಿಗೆ ಯಂತ್ರ ನಿಲ್ಲಿಸುವವನಲ್ಲ.

"ಒಂದು ಮಾತು ಕೇಳ್ಲಾ? ತಪ್ಪಾಗಿ ಕತ್ತರಿಸಿದ ಬಟ್ಟೆ ಏನ್ ಮಾಡ್ತೀರಿ ನೀವು?"

"ನಾನು ತಪ್ಪಾಗಿ ಕತ್ತರಿಸಲ್ಲ."

"ಕತ್ತರಿಸಿದ್ರೆ ಅಂತ ಕೇಳ್ತಿದೀನಿ."

ಟಕಟಕ ಸದ್ದು ಒಂದು ಸಾಲು ಮುಗಿಸಿತು. "ಗಿರಾಕಿ ಮುಖ ನೋಡ್ತೀನಿ."

"ಒಳ್ಳೇ ಮುಖ ಅಂತಿಟ್ಕೊಳ್ಳಿ."

"ಹಾಗಾದ್ರೆ ಹೇಳಿಬಿಡ್ಬೇಕು. ಕೆಟ್ಟ ಮುಖದವರಿಗೆ ಏನೋ ಒಂದು ಹೇಳಿ ಸಾಗಿಸಬಹುದು. ಒಳ್ಳೆಯವರು ನಂಬ್ಕೊಂಡು ಅದನ್ನೇ ಹಾಕ್ಕೊಂಡು ಓಡಾಡ್ತಾರೆ ಕಣೇ. ದಿನಾ ಎದುರಿಗೆ ಬರ್ತಾರೆ. ಯಾರು ನೋಡೋದು ಅದನ್ನ?"

"ದೊಡ್ಡ ಸತ್ಯವಂತ. ನನ್ನ ಕೋಟಿನ ಕಥೆ ಏನು? ವರ್ಷ ವರ್ಷ ಪಕ್ಕದ ಹೊಲಿಗೆ ಬಿಚ್ಚಿ ಅಗಲ ಮಾಡಿ, ಬಟ್ಟೆ ಕುಗ್ಗಿದೆ ಅಂತೀರಲ್ಲ?"

ಯಂತ್ರ ನಿಂತಿತು. ಮೂವತ್ತು ವರ್ಷದ ದಾಂಪತ್ಯದಲ್ಲಿ ಅದು ಮಾತಿನ ನಡುವೆ ನಿಂತದ್ದು ಅಪರೂಪ.

"ಕುಗ್ಗುತ್ತೆ" ಎಂದ ಅವನು, ಬಹಳ ಗಂಭೀರವಾಗಿ. "ಆ ಬಟ್ಟೆ ಜಾತಿಯೇ ಹಾಗೆ."

ಅವಳಿಗೆ ನಗು ಬಂತು. ಮರಿಗಳು ಒಮ್ಮೆಲೇ ತಲೆಯೆತ್ತಿ ನೋಡುವಷ್ಟು ಜೋರಾಗಿ ಬಂತು. ಫೋನು ಜೇಬಿಗಿಟ್ಟು, ಬೂಟಿನ ದಾರವನ್ನು ಮರಿಯ ಕೊಕ್ಕಿನಿಂದ ಬಿಡಿಸಿಕೊಂಡು ಹೊರಟಳು. ಶೆಡ್ಡಿನಿಂದ ಸಭೆಯ ಕೋಣೆಗೆ ಎಪ್ಪತ್ತು ಹೆಜ್ಜೆ, ನಲವತ್ತರವರೆಗೆ ಧೈರ್ಯವಿತ್ತು. ಆಮೇಲೆ ಬೇರೆ ಯೋಚನೆಗಳು ಬಂದವು. ಸುಮ್ಮನಿದ್ದರೆ ಏನಾದೀತು? ಸಾವಿರ ಕೋಳಿಯ ಪ್ರಯೋಗ ನಡೆಯುತ್ತದೆ, ಅಲ್ಲಿ ಸರಿಯಾಗಿ ಕೊಯ್ದರಾಯಿತು, ನಿಜ ತಾನಾಗಿ ಹೊರಬರುತ್ತದೆ, ಡಾಕ್ಟರಮ್ಮ ಒಂದು ವರ್ಷ ಖುಷಿಯಾಗಿರುತ್ತಾಳೆ. ಖುಷಿಯಾಗಿರುವವಳ ಖುಷಿ ಕಿತ್ತುಕೊಳ್ಳಲು ನೀನ್ಯಾರು? ಈ ವಾದ ಎಷ್ಟು ಮೆತ್ತಗೆ, ಎಷ್ಟು ಬೆಚ್ಚಗೆ ಇತ್ತೆಂದರೆ ಅವಳಿಗೆ ಅನುಮಾನ ಬಂತು. ಅದರ ಕೆಳಗೆ ಕೈಯಾಡಿಸಿ ನೋಡಿದರೆ ಡಾಕ್ಟರಮ್ಮ ಇರಲಿಲ್ಲ. ಕೊನೆಯ ಪುಟದಲ್ಲಿದ್ದ ತನ್ನ ಪೂರ್ತಿ ಹೆಸರು ಇತ್ತು.

ಸಭೆಯ ಕೋಣೆಯಲ್ಲಿ ಡಾಕ್ಟರಮ್ಮ ಖಾಲಿ ಕುರ್ಚಿಗಳಿಗೆ ಭಾಷಣ ಮಾಡುತ್ತಿದ್ದಳು. ಮೇವಿನಣ್ಣ ಮೇಜಿನ ಕೆಳಗೆ ಬಗ್ಗಿ ಪರದೆಯ ಯಂತ್ರಕ್ಕೆ ವೈರು ಸಿಕ್ಕಿಸುತ್ತಿದ್ದ. ಅವನ ಹಿಟ್ಟು ಮೆತ್ತಿದ ಅಂಗಾಲುಗಳು ಮಾತ್ರ ಕಾಣುತ್ತಿದ್ದವು.

"ಸರಿಯಾದ ಹೊತ್ತಿಗೆ ಬಂದ್ರಿ! ಇಲ್ಲಿ ಕೂತ್ಕೊಳ್ಳಿ ಅಕ್ಕ. ನೀವೀಗ ಸಮಿತಿ. ಮುಖ ಸ್ವಲ್ಪ ಗಂಟು ಹಾಕ್ಕೊಳ್ಳಿ. ಇನ್ನೂ ಸ್ವಲ್ಪ. ಹಾಂ, ಹೀಗೆ."

ಅವಳು ಅಧ್ಯಕ್ಷರ ಕುರ್ಚಿಯಲ್ಲಿ ಕೂತಳು. ಅದಕ್ಕೆ ಕೈಗಳಿದ್ದವು; ಕೈಯಿರುವ ಕುರ್ಚಿಗಳಲ್ಲಿ ಅವಳಿಗೆ ಯಾವಾಗಲೂ ಸ್ವಲ್ಪ ಇಕ್ಕಟ್ಟು. ಡಾಕ್ಟರಮ್ಮ ಶುರುಮಾಡಿದಳು. ತಿಂದದ್ದನ್ನು ಯಕೃತ್ತು ಕೊಬ್ಬಾಗಿ ಕಟ್ಟುವ ಕೆಲಸದಲ್ಲಿ ಈ ವಿಟಮಿನ್ನುಗಳು ಎಲ್ಲಿ ಕೈ ಹಾಕಬಹುದು, ಹೊಟ್ಟೆಯ ಕೊಬ್ಬು ಕಡಿಮೆಯಾದರೆ ಅಷ್ಟು ಮೇವು ಹೇಗೆ ಮಾಂಸಕ್ಕೆ ಉಳಿಯುತ್ತದೆ. ಕೈಯಾಡಿಸುತ್ತ, ಹುಬ್ಬೇರಿಸುತ್ತ, ಇಷ್ಟವಾದವರ ಬಗ್ಗೆ ಮಾತಾಡುವ ಹಾಗೆ ಮಾತಾಡಿದಳು. ಆಮೇಲೆ ಎರಡು ತಟ್ಟೆಯ ಚಿತ್ರ ಗೋಡೆ ತುಂಬ ಬಂತು.

"ಇಷ್ಟು ನಮ್ಮ ಫಲಿತಾಂಶ. ಸಮಿತಿಯವರು ಪ್ರಶ್ನೆ ಕೇಳಬಹುದು" ಎಂದು ಡಾಕ್ಟರಮ್ಮ ತಲೆಬಾಗಿ ನಿಂತಳು. "ಕೇಳಿ ಅಕ್ಕ, ಏನಾದ್ರೂ. ಕಷ್ಟದ್ದೇ ಕೇಳಿ."

ಫ್ಯಾನು ಒಂದು ಸುತ್ತಿಗೊಮ್ಮೆ ಕಿರುಗುಟ್ಟುತ್ತಿತ್ತು. ಅವಳು ಗಂಟು ಹಾಕಿದ್ದ ಮುಖ ಸಡಿಲಿಸಿ ಗೋಡೆಯ ಕಡೆ ಬೆರಳು ತೋರಿಸಿದಳು.

"ಎಡಗಡೆಯ ಕೊಬ್ಬಿನಲ್ಲಿ ಒಂದು ಹಳ್ಳ ಇದೆ" ಎಂದಳು. "ಬಲಗಡೆಯದರಲ್ಲಿ ಯಾಕಿಲ್ಲ?"

ಡಾಕ್ಟರಮ್ಮ ನಗುತ್ತಲೇ ಗೋಡೆಯ ಕಡೆ ತಿರುಗಿದಳು. ಮೊದಲು ಎಡಗಡೆ ನೋಡಿದಳು, ಆಮೇಲೆ ಬಲಗಡೆ. ನಗು ಮುಖದ ಮೇಲೆ ಇನ್ನೂ ಇತ್ತು, ಮನೆಯವರೆಲ್ಲ ಹೊರಟುಹೋದ ಮೇಲೆ ಉರಿಯುತ್ತ ಉಳಿದ ದೀಪದ ಹಾಗೆ. ಹತ್ತಿರ ಹೋಗಿ ಗೋಡೆಯ ಮೇಲೆ ಬೆರಳಿಟ್ಟಳು. ಅವಳ ಬೆರಳಿನ ನೆರಳು ಆ ನೇರ ಅಂಚಿನುದ್ದಕ್ಕೂ ಮೆಲ್ಲಗೆ ಸರಿಯಿತು.

"ಎಲ್ಲ ಹೀಗೇನಾ?"

"ಕೆಂಪಿನ ಇಪ್ಪತ್ತೂ ಹೀಗೇ. ಹಸಿರಿನವು ಚಹಾಕ್ಕೆ ಮುಂಚೆ ಆಗಿದ್ವು. ಚಹಾ ಆದ ಮೇಲೆ ನನ್ನ ಕೈ ಬದಲಾಯ್ತು. ಸರತಿಯಲ್ಲಿ ತರಲಿಲ್ಲ ಆವತ್ತು, ಅದಕ್ಕೂ ನಾನೇ ಹೂಂ ಅಂದಿದ್ದು."

"ಕೈ ಯಾಕೆ ಬದಲಾಗುತ್ತೆ ಅಕ್ಕ?"

ಮೇಜಿನ ಕೆಳಗಿನ ಅಂಗಾಲುಗಳು ಅಲ್ಲಾಡುವುದನ್ನು ನಿಲ್ಲಿಸಿದ್ದವು. ಅವಳು ಅವುಗಳನ್ನೇ ನೋಡಿದಳು. ಒಂದು ಹಿಮ್ಮಡಿ ಒಡೆದಿತ್ತು.

"ಬದಲಾಯ್ತು" ಎಂದಳು. "ತಪ್ಪು ನನ್ನದು."

"ನನಗೆ ಜ್ವರ ಇತ್ತು" ಎಂದಳು ಡಾಕ್ಟರಮ್ಮ. ದನಿ ಸಣ್ಣಗಾಗಿತ್ತು. "ಎದ್ದು ಬರ್ಬೇಕು ಅಂತ ಅಂಗಿ ಹಾಕ್ಕೊಂಡೂ ಇದ್ದೆ. ಅಕ್ಕ ಇದ್ದಾರಲ್ಲ ಅಂತ ಮತ್ತೆ ಮಲಗಿದೆ."

ಬೈದಿದ್ದರೆ ಚೆನ್ನಾಗಿತ್ತು. ಇಪ್ಪತ್ತಾರು ವರ್ಷದ ಅಂಕಿಗಳೆಲ್ಲ ಒಮ್ಮೆಲೇ ಎದ್ದು ಹೋಗಿ, ಆ ಕೈಯುಳ್ಳ ಕುರ್ಚಿಯಲ್ಲಿ ಬರೀ ಅವಳ ಮೈ ಉಳಿದಂತಾಯಿತು. ಏಳಬೇಕೆಂದು ನೋಡಿದಳು, ಕುರ್ಚಿಯೂ ಜೊತೆಗೇ ಅರ್ಧ ಎದ್ದಿತು. ಆಗ ಮೇಜಿನ ಕೆಳಗಿನಿಂದ ಒಂದು ತಲೆ ಹೊರಬಂತು, ಹುಬ್ಬಿನ ಮೇಲೆ ಹಿಟ್ಟು.

"ಆ ಗಟ್ಟಿ ಹೊಟ್ಟೆಗಳು ಬೇಕಾ ನಿಮಗೆ?" ಎಂದ ಮೇವಿನಣ್ಣ.

ಇಬ್ಬರೂ ಅವನನ್ನು ನೋಡಿದರು.

"ಇವೆ. ನಲವತ್ತೂ ಇವೆ. ಎಸೀರಿ ಅಂದ್ರಲ್ಲ ಆವತ್ತು, ನಮ್ಮ ನಾಯಿಗಾಗುತ್ತೆ ಅಂತ ಅಕ್ಕನ್ನ ಕೇಳಿ ಇಸ್ಕೊಂಡು ಫ್ರೀಜರಿನ ಅಡಿಗೆ ಸೇರಿಸಿದ್ದೆ. ನಮ್ಮವಳು ಮನೆಗೆ ತಂದ್ರೆ ನೀನೂ ನಾಯಿ ಜೊತೆ ಹೊರಗೇ ಮಲಕ್ಕೋ ಅಂದಳು. ಹಾಗೇ ಉಳೀತು."

"ನಲವತ್ತನ್ನೂ ಒಟ್ಟಿಗೆ ಹಾಕಿಟ್ರೆ ಯಾವುದು ಯಾವ ಕೋಳಿದು ಅಂತ ಹೇಗೆ ಗೊತ್ತಾಗುತ್ತೆ?" ಎಂದಳು ಡಾಕ್ಟರಮ್ಮ, ಆಸೆಪಡಲು ಹೆದರುತ್ತ.

"ಅಯ್ಯೋ, ಅಕ್ಕ ಬಿಡ್ತಾರಾ? ಒಂದೊಂದನ್ನೂ ಬೇರೆ ಬೇರೆ ಚೀಲಕ್ಕೆ ಹಾಕಿ, ಕೋಳಿ ಕಾಲಿನ ಪಟ್ಟಿಯ ನಂಬರು ಬರೆದು, ದಾರ ಕಟ್ಟಿ ಕೊಟ್ಟರು. ನಮ್ಮ ನಾಯಿಗೆ ಓದಕ್ಕೆ ಬರಲ್ಲ ಅಕ್ಕ ಅಂದೆ. ಕಲೀಲಿ ಅಂದ್ರು."

ಮುಂದಿನ ಮೂರು ಗಂಟೆ ಹೇಗೆ ಹೋಯಿತೆಂದು ಯಾರಿಗೂ ತಿಳಿಯಲಿಲ್ಲ. ಫ್ರೀಜರಿನ ತಳದಿಂದ ಕಲ್ಲಿನಂಥ ಚೀಲಗಳು ಬಂದವು. ಹರಿಯುವ ನಲ್ಲಿಯ ಕೆಳಗೆ ಅವನ್ನು ಮೆತ್ತಗಾಗಿಸುವ ಕೆಲಸ ಮೇವಿನಣ್ಣನದು, ಬರೆಯುವ ಕೆಲಸ ಡಾಕ್ಟರಮ್ಮನದು, ಕತ್ತಿ ಇವಳದು. ಡಾಕ್ಟರಮ್ಮ ಮೊದಲು ಹಸಿರಿನ ಚೀಲಗಳನ್ನು ಬಿಚ್ಚಿಸಿದಳು. ಅವು ತೊಳೆದ ಉರುಟುಕಲ್ಲಿನ ಹಾಗೆ ಬರಿದಾಗಿದ್ದವು, ಒಂದರಲ್ಲೂ ಕೊಬ್ಬಿನ ಎಳೆಯಿರಲಿಲ್ಲ. "ಚಹಾಕ್ಕೆ ಮುಂಚಿನ ನಿಮ್ಮ ಕೈ" ಎಂದಳು ಮೆಲ್ಲಗೆ. ಅಷ್ಟೇ ಹೇಳಿದ್ದು. ಅದು ಸಮಾಧಾನದ ಮಾತೋ ಲೆಕ್ಕದ ಮಾತೋ ತಿಳಿಯಲಿಲ್ಲ, ಎರಡೂ ಇರಬಹುದು ಎಂದುಕೊಂಡು ಅವಳು ಕೆಂಪಿನ ಮೊದಲ ಚೀಲದ ದಾರ ಬಿಚ್ಚಿದಳು. ಈ ಸಲ ಅವಸರ ಮಾಡಲಿಲ್ಲ. ತಣ್ಣಗಿನ ಕೊಬ್ಬು ಬೆರಳಿಗೆ ಮೇಣದ ಹಾಗೆ ಸಿಕ್ಕುತ್ತಿತ್ತು. ಒಂದೇ ಸುತ್ತಿಗೆ ಸಿಪ್ಪೆಯಂತೆ ಬಿಡಿಸಿ ತಕ್ಕಡಿಗೆ ಇಟ್ಟರೆ ಅಂಕಿಗಳು ಸ್ವಲ್ಪ ತಡವರಿಸಿ ನಿಲ್ಲುತ್ತಿದ್ದವು. ಏಳು ಗ್ರಾಂ. ಆರೂವರೆ. ಎಂಟು. ನಿಜ ಹೇಳಬೇಕೆಂದರೆ ಅದು ನೋಡಲು ಚೆನ್ನಾಗಿಯೇ ಇತ್ತು. ಬೆಳಕಿಗೆ ಹಿಡಿದರೆ ಜೇನಿನ ಬಣ್ಣ. ಕೋಳಿ ತಿಂದದ್ದರಲ್ಲಿ ನಾಳೆಗೆ ಇರಲಿ ಎಂದು ಇಟ್ಟುಕೊಂಡದ್ದು. ಇದರಲ್ಲಿ ನಾಚಿಕೆಪಡುವಂಥದ್ದು ಏನಿತ್ತು ಎಂದು ಅವಳಿಗೆ ಮೊದಲ ಸಲ ಬೇಸರವಿಲ್ಲದ ಕುತೂಹಲವಾಯಿತು.

"ಅಕ್ಕ" ಎಂದ ಮೇವಿನಣ್ಣ, ನಲ್ಲಿಯ ಕಡೆ ಮುಖ ಮಾಡಿಕೊಂಡೇ. "ಚಹಾ ಆದ ಮೇಲೆ ಅಂದ್ರಿ."

"ಹೂಂ."

"ಆವತ್ತು ಚಹಾ ಕುಡಿವಾಗ ನಾನು ಏನೋ ಒಂದು..."

"ಹದಿನಾಲ್ಕನೇದು ಕೊಡಿ ಬೇಗ" ಎಂದಳು ಅವಳು. "ಕೈ ಮರಗಟ್ಟುತ್ತಿದೆ."

ಅವನು ಕೊಟ್ಟ. ಆಮೇಲೆ ಇಪ್ಪತ್ತು ಮುಗಿಯುವವರೆಗೂ ಒಂದೇ ಒಂದು ತಮಾಷೆ ಮಾಡಲಿಲ್ಲ. ಆ ಮೌನ ಎಷ್ಟು ವಿಚಿತ್ರವಾಗಿತ್ತೆಂದರೆ ಡಾಕ್ಟರಮ್ಮ ಎರಡು ಸಲ ಅವನಿಗೆ ಹುಷಾರಿದೆಯೇ ಎಂದು ಕೇಳಿದಳು. ಎರಡು ಗಂಟೆ ಇಪ್ಪತ್ತು ನಿಮಿಷಕ್ಕೆ ಕೂಡಿಸಿ ಭಾಗಿಸಿ ಮುಗಿಯಿತು. ಮೂವತ್ತನಾಲ್ಕು ಇದ್ದದ್ದು ನಲವತ್ತೊಂದಾಗಿತ್ತು. ಹಸಿರಿನದು ನಲವತ್ತಮೂರು. ವ್ಯತ್ಯಾಸ ಎರಡು ಗ್ರಾಂ. ಡಾಕ್ಟರಮ್ಮ ಪೆನ್ನಿನ ತುದಿಯಿಂದ ಆ ಎರಡನ್ನು ಸುತ್ತುಹಾಕಿ, ಮತ್ತೆ ಸುತ್ತುಹಾಕಿ, ಕಾಗದ ತೂತಾಗುವವರೆಗೆ ಸುತ್ತುಹಾಕಿದಳು. ಎರಡು ಗ್ರಾಂ ವಿಟಮಿನ್ನಿನದೂ ಇರಬಹುದು, ಸುಮ್ಮನೆ ಆ ಇಪ್ಪತ್ತು ಕೋಳಿಗಳ ಅದೃಷ್ಟವೂ ಇರಬಹುದು. ತೂಕದಕ್ಕ ಕತ್ತಿ ತೊಳೆಯುತ್ತ, ಬರುವ ಮಾತಿಗೆ ಬೆನ್ನು ಗಟ್ಟಿಮಾಡಿಕೊಂಡು ನಿಂತಳು.

"ಎರಡು ಗ್ರಾಮಿಗೆ ಎಷ್ಟು ಹೊತ್ತು ಭಾಷಣ ಮಾಡಬಹುದು ಅಕ್ಕ?" ಎಂದಳು ಡಾಕ್ಟರಮ್ಮ.

"ಚಿಕ್ಕದಾಗಿ ಮಾಡಿ. ಬೇಗ ಮುಗಿದರೆ ಅವರಿಗೂ ಖುಷಿ."

ಡಾಕ್ಟರಮ್ಮ ತಲೆ ಹಿಂದಕ್ಕೆ ಹಾಕಿ ನಕ್ಕಳು. ನಗುತ್ತಿದ್ದ ಹಾಗೆ ಕಣ್ಣು ಒರೆಸಿಕೊಂಡಳು, ಆಮೇಲೆ ಎದ್ದು ಒದ್ದೆ ಕೈಯಲ್ಲೇ ಕಂಪ್ಯೂಟರು ತೆರೆದಳು.

ಸಮಿತಿಯವರು ನಾಲ್ಕು ಜನ. ಅಧ್ಯಕ್ಷರು ವಯಸ್ಸಾದವರು, ಕೈಯುಳ್ಳ ಕುರ್ಚಿಯಲ್ಲಿ ಆರಾಮಾಗಿ ಕಳೆದುಹೋಗುವಷ್ಟು ತೆಳ್ಳಗಿದ್ದರು. ತೂಕದಕ್ಕ ಹಿಂದಿನ ಗೋಡೆಗೆ ಒರಗಿ ನಿಂತಿದ್ದಳು. ಡಾಕ್ಟರಮ್ಮ ಏನನ್ನೂ ಮುಚ್ಚಿಡಲಿಲ್ಲ. ಎರಡು ತಟ್ಟೆಯ ಚಿತ್ರವನ್ನು ಹಾಗೆಯೇ ತೋರಿಸಿ, ಮೊದಲ ಅಂಕಿ ಹೇಳಿ, ಅದು ಯಾಕೆ ತಪ್ಪು ಎಂದು ಹೇಳಿ, ಹೊಸ ಅಂಕಿ ಹೇಳಿದಳು. ಒಂದು ತಿಂಗಳು ಹೆಪ್ಪುಗಟ್ಟಿದ್ದರಿಂದ ತೂಕ ಸ್ವಲ್ಪ ಆಚೀಚೆಯಾಗಿರಬಹುದು ಎಂದೂ ಹೇಳಿದಳು. ಅಧ್ಯಕ್ಷರು ಕನ್ನಡಕ ತೆಗೆದರು.

"ಈ ತಪ್ಪನ್ನು ಹಿಡಿದವರು ಯಾರು?"

"ನಮ್ಮ ತೂಕದಕ್ಕ, ಸರ್. ಕೊಯ್ದವರೂ ಅವರೇ, ಹಿಡಿದವರೂ ಅವರೇ."

ನಾಲ್ಕು ತಲೆಗಳು ಹಿಂದಕ್ಕೆ ತಿರುಗಿದವು. ಅವಳು ಕೋಟಿನ ಕೊನೆಯ ಗುಂಡಿ ಹಿಡಿದುಕೊಂಡಳು. ಯಾರ ಕೈಯೂ ಬಾಯಿಗೆ ಅಡ್ಡ ಹೋಗಲಿಲ್ಲ.

"ಆ ಗಟ್ಟಿ ಹೊಟ್ಟೆಗಳನ್ನು ಇಟ್ಟಿದ್ದು ಒಳ್ಳೇದಾಯ್ತು" ಎಂದರು ಅಧ್ಯಕ್ಷರು. "ಒಳ್ಳೆಯ ಪದ್ಧತಿ. ಯಾವ ಪರೀಕ್ಷೆಗೆ ಅಂತ ಇಟ್ಟಿದ್ರಿ?"

ಡಾ‌ಕ್ಟರಮ್ಮ ಪೆನ್ನು ಮೇಜಿನ ಮೇಲಿಟ್ಟಳು. ಇವತ್ತು ಅವಳಲ್ಲಿ ಸುಳ್ಳಿಗೆ ಜಾಗ ಉಳಿದಿರಲಿಲ್ಲ.

"ನಾಯಿಗೆ, ಸರ್" ಎಂದಳು.

ಮೊದಲು ನಕ್ಕವರು ಅಧ್ಯಕ್ಷರೇ. ಎಷ್ಟು ನಕ್ಕರೆಂದರೆ ಪಕ್ಕದವರು ನೀರು ಕೊಡಬೇಕಾಯಿತು. ಸಾವಿರ ಕೋಳಿಯ ಮಾತು ಬರಲಿಲ್ಲ, ಕರಪತ್ರದ ಮಾತೂ ಇಲ್ಲ. ಹೊರಡುವಾಗ ಮಾತ್ರ ಅಧ್ಯಕ್ಷರು ಬಾಗಿಲಲ್ಲಿ ನಿಂತು, ಇದನ್ನೇ ಇನ್ನೊಂದು ಸಲ ಮಾಡಿ, ಇನ್ನೂ ಹೆಚ್ಚು ಕೋಳಿಗಳ ಮೇಲೆ, ಈ ಸಲ ಸರತಿಯಲ್ಲೇ ಕೊಯ್ಯಿರಿ, ಅಲ್ಲಿಯವರೆಗೆ ನೀವು ಇಲ್ಲಿಂದ ಎಲ್ಲಿಗೂ ಹೋಗುವ ಹಾಗಿಲ್ಲ ಎಂದರು. ಡಾಕ್ಟರಮ್ಮ ಅವರನ್ನು ಕಾರಿನವರೆಗೆ ಬಿಟ್ಟು ಬರಲು ಹೋದಳು. ಗಾಜಿನಾಚೆ ಅವಳ ಕಾಲು ಪೂರ್ತಿ ಗಾಳಿಯಲ್ಲಿರದಿದ್ದರೂ ಪೂರ್ತಿ ನೆಲದ ಮೇಲೂ ಇರಲಿಲ್ಲ.

ನಾಲ್ಕೂವರೆ ಆಗಿತ್ತು. ತೂಕದ ಕೋಣೆಗೆ ಬಂದು ಸ್ಟೂಲಿನ ಮೇಲೆ ಕೂತ ಮೇಲೆಯೇ ಅವಳಿಗೆ ಹಸಿವಾಗಿರುವುದು ಗೊತ್ತಾಯಿತು. ಮಧ್ಯಾಹ್ನ ಮೂವರೂ ಊಟ ಮಾಡಿರಲಿಲ್ಲ. ಅವಳ ಡಬ್ಬಿ ಬೆಳಗಿನ ಗಡಿಬಿಡಿಯಲ್ಲಿ ಮನೆಯ ಮೇಜಿನ ಮೇಲೇ ಉಳಿದಿತ್ತು. ಕಿಟಕಿಯಿಂದ ಬಂದ ಬಿಸಿಲು ಒಗೆದು ಒಣಹಾಕಿದ ಕೈಗವಸುಗಳ ಮೇಲೆ ಬಿದ್ದಿತ್ತು. ದೂರದಲ್ಲಿ ಮರಿಗಳು ಯಾವುದೋ ಒಂದು ವಿಷಯಕ್ಕೆ ಎಲ್ಲವೂ ಒಟ್ಟಿಗೆ ಸಂತೋಷಪಡುತ್ತಿದ್ದವು. ಬಾಗಿಲು ಸರಿಯಿತು. ಮೇವಿನಣ್ಣ. ಮುಖ ತೊಳೆದುಕೊಂಡಿದ್ದ; ಹುಬ್ಬುಗಳು ಕಪ್ಪಗಿವೆಯೆಂದು ಅವಳು ನೋಡಿದ್ದು ಇವತ್ತೇ ಮೊದಲು. ಕೈಯಲ್ಲಿ ಅವನ ಊಟದ ಡಬ್ಬಿ. ಬಿಸಿನೀರಿನ ಪಾತ್ರೆಯಲ್ಲಿಟ್ಟು ಬೆಚ್ಚಗೆ ಮಾಡಿ ತಂದಿದ್ದನೆಂದು ಕಾಣುತ್ತದೆ, ಡಬ್ಬಿಯ ತಳದಿಂದ ನೀರು ತೊಟ್ಟಿಕ್ಕುತ್ತಿತ್ತು. ಮುಚ್ಚಳ ತೆಗೆದ. ಅನ್ನ, ಸೊಪ್ಪು, ಎರಡು ಬೇಯಿಸಿದ ಮೊಟ್ಟೆ. ಒಂದು ಮೂಲೆಯನ್ನೂ ಮುಟ್ಟಿರಲಿಲ್ಲ. ಜೇಬಿನಿಂದ ಚಮಚ ತೆಗೆದು ಅಂಗಿಯ ತೋಳಿಗೆ ಒರೆಸಿದ, ಒರೆಸಿದ್ದನ್ನು ನೋಡಿದ, ಸಮಾಧಾನವಾಗದೆ ನಲ್ಲಿಗೆ ಹೋಗಿ ತೊಳೆದುಕೊಂಡು ಬಂದ. ಆಮೇಲೆ ಚಮಚದ ಹಿಡಿ ಅವಳ ಕಡೆಗಿರುವಂತೆ ಇಟ್ಟು, ಎರಡೂ ಕೈಯಿಂದ ಡಬ್ಬಿಯನ್ನು ಅವಳ ಕೈಗೆ ಕೊಟ್ಟ.